ಮೈಕಿನ ಮುಂದೆ ಅಂಜನಮ್ಮಜ್ಜಿ

ಅಂಜನಮ್ಮಜ್ಜಿ ಮೈಕಿನ ಮುಂದೆ ಕೂತು ಸೆರಗು ಸರಿಮಾಡಿಕೊಂಡಳು. ಆಮೇಲೆ ಉಪ್ಪಿನಕಾಯಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಮಾತಿನ ಜೊತೆಗೆ ಇದೂ ಹೋಗ್ಲಿ ಮಾರಾಯ," ಎಂದಳು.

ಗಾಳಿಯಲ್ಲಿ ಮಾತು ಮಾತ್ರ ಹೋಗುತ್ತದೆ, ಡಬ್ಬಿ ಹೋಗುವುದಿಲ್ಲ ಎಂದು ರೇಡಿಯೋದವನು ವಿವರಿಸಿದ. ಅಜ್ಜಿಗೆ ಅದು ದೊಡ್ಡ ಮೋಸ ಅನ್ನಿಸಿತು.

ಗಲ್ಫಿನಲ್ಲಿ ದುಡಿಯುವವರಿಗೆ ಊರಿನವರ ಮಾತು ಕೇಳಿಸುವ ಕಾರ್ಯಕ್ರಮಕ್ಕೆ ಅವತ್ತು ಕಳಸದ ಶಾಲೆಯೊಂದರಲ್ಲಿ ರೆಕಾರ್ಡಿಂಗ್. ಒಂದೊಂದು ಮನೆಯವರಿಗೆ ಒಂದೇ ನಿಮಿಷ. ಅಜ್ಜಿಯ ಮಗ, ಅಂದರೆ ಮೊಮ್ಮಗಳು ಪವಿತ್ರಾಳ ಅಪ್ಪ, ಧರ್ಮೇಶ್ ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಅವನು ಹೋದ ಮೇಲೆ ಪವಿತ್ರಾ ಅವನ ದೊಡ್ಡ ಸೈಕಲ್ ಕಲಿತಿದ್ದಳು. ಕಂಬಿಯ ಕೆಳಗೆ ಕಾಲು ತೂರಿಸುವ ಒಳಪೆಡಲ್ ಅಲ್ಲ, ಸೀಟಿನ ಮೇಲೇ ಕೂತು! ಇಂಥ ಸುದ್ದಿ ಕಾಗದದಲ್ಲಿ ಬರೆದರೆ ಸಪ್ಪೆ. ತಾನೇ ಬಾಯಾರೆ ಹೇಳಬೇಕೆಂದು ವಾರವಿಡೀ ಅಭ್ಯಾಸ ಮಾಡಿದ್ದಳು. ಅಜ್ಜಿಗೆ ಅರ್ಧ ನಿಮಿಷ, ತನಗೆ ಅರ್ಧ ಎಂದು ಮನೆಯಲ್ಲೇ ಒಪ್ಪಂದವಾಗಿತ್ತು.

ಕೆಂಪು ದೀಪ ಹತ್ತಿತು.

"ಧರ್ಮಾ, ಊಟ ಆಯ್ತಾ?" ಅಜ್ಜಿ ಕೇಳಿದಳು.

ಕೇಳಿ ಸುಮ್ಮನೆ ಕೂತಳು. ಮಗ ಉತ್ತರ ಕೊಡುವ ಮೊದಲೇ ಮುಂದಿನ ಮಾತಾಡುವುದು ಅಜ್ಜಿಯ ಪ್ರಕಾರ ಮರ್ಯಾದೆಯಲ್ಲ. ಮೈಕಿಗೆ ಕಿವಿ ಕೊಟ್ಟಳು. ರೇಡಿಯೋದವನು ಮಾತಾಡಿ ಎಂದು ಕೈಸನ್ನೆ ಮಾಡಿದ. ಅಜ್ಜಿ ಅವನಿಗೂ ಸುಮ್ಮನಿರಲು ಕೈಸನ್ನೆ ಮಾಡಿದಳು. ಪವಿತ್ರಾ ಅಜ್ಜಿಯ ಸೆರಗು ಜಗ್ಗಿದಳು.

"ತಡಿಯೇ, ಬಾಯಲ್ಲಿ ತುತ್ತಿದೆ ಅನ್ಸುತ್ತೆ. ನುಂಗ್ಲಿ."

ದೀಪ ಆರಿತು. ಬಾಗಿಲಲ್ಲಿ ಮುಂದಿನ ಮನೆಯವರು ಆಗಲೇ ಒಳಗೆ ಕಾಲಿಟ್ಟಿದ್ದರು.

ಬಸ್ಸಿನಲ್ಲಿ ಪವಿತ್ರಾ ಅಜ್ಜಿಯ ಪಕ್ಕ ಕೂರಲಿಲ್ಲ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಅಜ್ಜಿಗೆ ಮಗನ ಮೇಲೆ ಸಿಟ್ಟು. ಒಂದು ಮಾತಿಗೂ ಉತ್ತರ ಕೊಡದಷ್ಟು ದೊಡ್ಡ ಮನುಷ್ಯನಾದನೇ ಎಂದು ಕಂಡಕ್ಟರ್ ಹತ್ತಿರವೂ ದೂರಿದಳು.

ಭಾನುವಾರ ಸಂಜೆ ಅವರಿದ್ದ ಎಸ್ಟೇಟಿನ ಲೈನ್ ಮನೆಗಳವರೆಲ್ಲ ಪಕ್ಕದ ಮನೆ ಬಸಮ್ಮನ ರೇಡಿಯೋ ಸುತ್ತ ಸೇರಿದರು. ಧರ್ಮಾ, ಊಟ ಆಯ್ತಾ ಎಂದು ಕೇಳಿಸಿತು, ಆಮೇಲೆ ಬರೀ ಕರಕರ. ಸೆಟ್ ಕೆಟ್ಟಿತೆಂದು ಬಸಮ್ಮ ಅದರ ತಲೆಗೆ ಎರಡು ತಟ್ಟಿದಳು. ಅಷ್ಟರಲ್ಲಿ ತುತ್ತಿನ ಮಾತು ಬಂತು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಪವಿತ್ರಾಳಿಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

ಹಬ್ಬಕ್ಕೆ ಮಾತ್ರ ಫೋನ್ ಮಾಡುತ್ತಿದ್ದ ಅಪ್ಪ ಮರುದಿನವೇ ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದ. ಪವಿತ್ರಾ ಓಡಿ ಬಂದು ರಿಸೀವರ್ ಕಿತ್ತುಕೊಂಡಳು. ಸೈಕಲ್ ಸುದ್ದಿ ನಾಲಿಗೆಯ ತುದಿಯಲ್ಲೇ ಇತ್ತು.

"ಪುಟ್ಟಿ, ನಿನ್ನೆ ಹೋಟೆಲ್ ಅಡುಗೆಮನೇಲಿ ರೇಡಿಯೋ ಹಾಕ್ಕೊಂಡು ನಿಂತ್ಕೊಂಡೇ ತಿಂತಾ ಇದ್ವಿ," ಅಪ್ಪ ನಗುತ್ತಾ ಶುರುಮಾಡಿದ. "ಬೇರೆಯವ್ರ ಮನೆಯವ್ರೆಲ್ಲ ಗಡಿಬಿಡೀಲಿ ಹೇಳಿ ಮುಗಿಸಿದ್ರು. ಅಜ್ಜಿ ಕೇಳಿ, ಕಾದ್ಲಲ್ಲ... ನಾವಷ್ಟೂ ಜನ ರೇಡಿಯೋಗೆ 'ಆಯ್ತಮ್ಮಾ' ಅಂದ್ವಿ. ಇಲ್ಲಿಗೆ ಬಂದ್ಮೇಲೆ ನನ್ನ ಉತ್ತರಕ್ಕೆ ಹಂಗೆ ಯಾರೂ ಕಾದಿರ್ಲಿಲ್ಲ ಕಣೇ."

ಅವನ ನಗು ಅಲ್ಲಿಗೇ ನಿಂತಿತು. ಮೂಗೆಳೆದುಕೊಂಡ ಸದ್ದು ಕೇಳಿಸಿತು.

"ನೀನು ಹೇಳು ಪುಟ್ಟಿ."

ಪವಿತ್ರಾ ಬಾಯಿ ತೆರೆದಳು. ಸೈಕಲ್ ಸುದ್ದಿ ಹೊರಡಲಿಲ್ಲ.

"ಅಪ್ಪಾ, ನೀನು ಹೇಗಿದ್ದೀಯ?" ಎಂದು ಕೇಳಿ, ಅವನು ಎಷ್ಟು ಹೊತ್ತಾದರೂ ಹೇಳಲಿ ಎಂದು ಸುಮ್ಮನೆ ನಿಂತಳು.