ಬುಧವಾರದ ಊಟ

ಶರಫುದ್ದೀನರು ಮೇಜಿನ ಮೇಲೆ ಮುಖವಿಟ್ಟು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಅರ್ಧ ಬರೆದ ಕಾಗದದ ಮೇಲೆ ರಕ್ತ ಹರಡಿತ್ತು.

ಅಫಜಲಪುರದ ತಹಸೀಲ್ ಕಚೇರಿಯ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷದಿಂದ ಬಾಂಡ್ ಬರೆಯುತ್ತಿದ್ದವರು ಅವರು. ಬುಧವಾರ ಮಧ್ಯಾಹ್ನ ಒಂದೂವರೆಗೆ ಅಂಗಡಿಗೆ ಬಂದ ಸೋದರಳಿಯ ಜಮೀರನೇ ಮೊದಲು ನೋಡಿದ್ದು. ಎತ್ತಿ ಎದೆಗೆ ಒರಗಿಸಿಕೊಂಡು ಕೂಗಿದ. ಜನ ಓಡಿ ಬಂದಾಗ ಅವನ ಅಂಗಿಯ ತುಂಬ ರಕ್ತವಿತ್ತು.

ಪಿಎಸ್‌ಐ ಫರಹತ ಐದು ನಿಮಿಷದಲ್ಲಿ ಬಂದಳು. ಹಮೀದಾಬೇಗಂಳ ಖಾನಾವಳಿಯಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ಫೋನ್ ಬಂದಿತ್ತು.

ಹನ್ನೆರಡು ಮುಕ್ಕಾಲಿಗೆ ಅಫಿಡವಿಟ್ ಬರೆಸಿಕೊಂಡು ಹೋದ ರೈತನೇ ಶರಫುದ್ದೀನರನ್ನು ಜೀವಂತ ನೋಡಿದ ಕೊನೆಯವನು. ಮೇಜಿನ ಮೇಲೆ ಕಾಗದ ಹಾರದಂತೆ ಇಡುತ್ತಿದ್ದ ಕಬ್ಬಿಣದ ತುಂಡು ಕಾಣೆಯಾಗಿತ್ತು.

"ಮುಂಜಾನೆ ಮಾಮಾ-ಅಳಿಯ ಭಾಳ ಜಗಳಾಡ್ಯಾರ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಶ್ರೀಪಾದ. "ಓಣಿಗೆಲ್ಲ ಕೇಳ್ಯಾದ."

* * *

"ಜಗಳ ಆಗಿತ್ತು ರಿ," ಎಂದ ಜಮೀರ. ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ. "ಮಾಮುಗ ಬಿಪಿ ಇತ್ತು. ಅಂಗಡಿ ನಾ ನೋಡ್ಕೋತೇನಿ, ನೀವು ಮನ್ಯಾಗ ಕೂಡ್ರಿ ಅಂದೆ. ಸಿಟ್ಟಿಗೆದ್ರು."

"ಮತ್ತ ಯಾರ ಮ್ಯಾಲರೆ ಸಂಶಯ ಐತೇನು?"

"ಮಸೂದ. ಜೇವರ್ಗಿಯವ. ಜಮೀನಿನ ಏಜೆಂಟ. ಮಣ್ಣೂರಿನ ಒಬ್ಬ ಮುದುಕಿಯ ಹೊಲದ ಕಾಗದ ಬರಸ್ಯಾನ. ಹೆಬ್ಬೆಟ್ಟು ಆಕೀದಲ್ಲ ಅಂತ ಮಾಮುಗ ಆಮ್ಯಾಲ ಗೊತ್ತಾತು. ವಾಪಸ್ ತಗೋ, ಇಲ್ಲಂದ್ರ ತಹಸೀಲ್ದಾರರ ಮುಂದ ಹೇಳ್ತೇನಿ ಅಂತ ಮೂರು ವಾರದ ಹಿಂದನೇ ಅಂದಿದ್ರು. ನಾಳೆ ಗುರುವಾರ ಹೋಗೋರಿದ್ರು."

ಫರಹತಳ ಪೆನ್ನು ನಿಂತಿತು.

"ಒಂದು ಗಂಟೆಗೆ ಮಸೂದ ಖಾನಾವಳ್ಯಾಗ ಇದ್ದ. ನಾನೂ ಅಲ್ಲೇ ಇದ್ದೆ. ನನ್ನ ಕಣ್ಣಮುಂದ ಉಣ್ಣಾಕತ್ತಿದ್ದ."

ಜಮೀರ ಅವಳನ್ನೇ ನೋಡಿದ. "ನೀವ ನೋಡೀರಿ ಅಂದ್ರ ಮುಗೀತು ಬಿಡ್ರಿ."

ಆದರೂ ಅವಳು ಮಸೂದನನ್ನು ಕರೆಸಿದಳು. ಅವನು ಸಮಾಧಾನವಾಗಿ ಹೇಳಿಕೆ ಕೊಟ್ಟ. ಒಂದು ಗಂಟೆಗೆ ಖಾನಾವಳಿಗೆ ಹೋದೆ. ಎರಡು ಬಿಸಿ ರೊಟ್ಟಿ, ಪುಂಡಿ ಪಲ್ಯ ಉಂಡೆ. ಒಂದೂ ಮುಕ್ಕಾಲಿಗೆ ಎದ್ದೆ.

ಹಮೀದಾಬೇಗಂಳನ್ನು ಶ್ರೀಪಾದ ಫೋನಿನಲ್ಲೇ ಕೇಳಿದ. "ಮಸೂದ ಬೇಟಾ? ದಿನಾ ಬರ್ತಾನಲ್ರಿ. ಇವತ್ತೂ ಬಂದಿದ್ದ," ಎಂದಳು. ಏನು ಉಂಡ ಎಂದು ಯಾರೂ ಕೇಳಲಿಲ್ಲ.

* * *

ಜಗಳ ಮತ್ತು ಅಂಗಿಯ ರಕ್ತದ ಮೇಲೆ ಜಮೀರನನ್ನು ಬಂಧಿಸಿದ್ದರು. ಗುರುವಾರ ನ್ಯಾಯಾಲಯ ಅವನನ್ನು ಮೂರು ದಿನ ಪೊಲೀಸ್ ವಶಕ್ಕೆ ಕೊಟ್ಟಿತು. ಅಂದೇ ಸಂಜೆ ಶರಫುದ್ದೀನರ ದಫನ್. ಹಮೀದಾಬೇಗಂ ಮುಂಜಾನೆಯಿಂದಲೇ ಖಾನಾವಳಿ ಮುಚ್ಚಿ ಅವರ ಮನೆಗೆ ಹೋಗಿದ್ದಳು.

"ಬೇಡಿ ಹಾಕಿ ಕರ್ಕೊಂಡು ಹೋಗ್ರಿ ಮೇಡಂ," ಎಂದ ಜಮೀರ. "ಗೋರಿಗೆ ಮಣ್ಣು ಕೊಟ್ಟು ಬಂದುಬಿಡ್ತೇನಿ."

ಕಬರಸ್ತಾನದ ಮುಂದೆ ಜನ ಸೇರಿದ್ದರು. ಕೊಂದವನೇ ಮಣ್ಣು ಕೊಡಲು ಬರುತ್ತಾನಂತೆ ಎಂಬ ಸಿಟ್ಟಿನ ಮಾತು ಠಾಣೆಯವರೆಗೂ ಬಂದಿತ್ತು. ಫರಹತ ಒಪ್ಪಲಿಲ್ಲ. ಜಮೀರ ಮತ್ತೆ ಕೇಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಕುಳಿತ.

* * *

ಶುಕ್ರವಾರ ಹನ್ನೆರಡೂವರೆಗೆ ಫರಹತ ಖಾನಾವಳಿಗೆ ಹೋದಳು.

ಆಳಂದ ತಾಲ್ಲೂಕಿನ ನರೋಣಾ ಅವಳ ಊರು. ಅಫಜಲಪುರಕ್ಕೆ ವರ್ಗವಾಗಿ ಏಳು ತಿಂಗಳಾಗಿತ್ತು. ಮೊದಲ ತಿಂಗಳು ಗಿರಾಕಿಯಂತೆ ಕೇಳಿ ಹಾಕಿಸಿಕೊಂಡು ಉಂಡಿದ್ದಳು. ಈಗ ಕೇಳುವುದೇನೂ ಇರಲಿಲ್ಲ. ಅವಳಿಗೆ ಖಾರ ಎಷ್ಟು ಬೇಕು, ಯಾವ ದಿನ ಮೊಸರು ಬೇಡ, ಎಲ್ಲ ಹಮೀದಾಬೇಗಂಳಿಗೆ ಗೊತ್ತು. ಅವಳನ್ನು ಎಲ್ಲರೂ ಖಾಲಾ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮಸೂದ ಆ ಸಲುಗೆಯನ್ನು ಮೂರೇ ವಾರದಲ್ಲಿ ಗಳಿಸಿದ್ದ. ಪ್ರತಿದಿನ ಒಂದು ಗಂಟೆಗೆ ಬರುತ್ತಿದ್ದ. ನೀರಿನ ಕೊಡದ ಪಕ್ಕದ ಮೂಲೆಯೇ ಅವನ ಜಾಗ. ಎರಡು ರೊಟ್ಟಿ, ಪುಂಡಿ ಪಲ್ಯ. ಕೈ ತೊಳೆಯಲು ಹೋಗುವಾಗ ಫರಹತಳಿಗೆ ತಲೆಬಾಗಿಸಿ ಸಲಾಂ ಮಾಡುತ್ತಿದ್ದ.

ಒಲೆಯ ಮುಂದೆ ಇಂದು ಬೇರೆ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು. ಹಮೀದಾಬೇಗಂಳ ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು.

"ಖಾಲಾ, ಕೈಗೆ ಏನಾತು?"

"ಈಗ ನೋಡಿದಿ ಏನು ಬೇಟಿ? ಬುಧವಾರನೇ ಸುಟ್ಕೊಂಡೇನಿ. ಹನ್ನೊಂದಕ್ಕ ಬಿಸಿನೀರಿನ ಬೋಗಣಿ ಮಗಚಿತು. ಅವತ್ತು ನೀನೂ ಬರೇ ಅನ್ನ-ಸಾರು ಉಂಡು ಹೋದಿ. ಫೋನ್ ಕಿವಿಗೆ ಹಚ್ಕೊಂಡಿದ್ದಿ, ನನ್ನ ಕಡೆ ನೋಡಲೇ ಇಲ್ಲ."

ಫರಹತ ಹಿಡಿದ ನೀರಿನ ಲೋಟ ಹಾಗೆಯೇ ಕೆಳಗಿಟ್ಟಳು.

"ಅವತ್ತು ರೊಟ್ಟಿ ಆಗಲೇ ಇಲ್ಲೇನು?"

"ಒಂದೂ ಬಡೀಲಿಲ್ಲ. ಪಲ್ಯನೂ ಇಲ್ಲ. ಅನ್ನ-ಸಾರು ಅಷ್ಟೇ. ರೊಟ್ಟಿ ಇಲ್ಲಂತ ಅರ್ಧ ಮಂದಿ ಬೈಕೋತ ಎದ್ದು ಹೋದ್ರು."

"ಮಸೂದ?"

ಹಮೀದಾಬೇಗಂ ಮೂಲೆಯ ಕಡೆ ನೋಡಿದಳು. ಫರಹತಳೂ ನೋಡಿದಳು. ಆ ಕುರ್ಚಿಯಲ್ಲಿ ಮಸೂದ ಕುಳಿತದ್ದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆ ನೆನಪಿನಲ್ಲಿ ಅವನ ತಟ್ಟೆಯಲ್ಲಿ ರೊಟ್ಟಿ ಇತ್ತು. ಅದು ಮಂಗಳವಾರವೋ, ಸೋಮವಾರವೋ. ಬುಧವಾರವಂತೂ ಅಲ್ಲ.

ಹೊರಗೆ ಬಂದು ಶ್ರೀಪಾದನಿಗೆ ಫೋನ್ ಮಾಡಿದಳು. "ಮಸೂದ ಇಳಕೊಂಡ ಲಾಡ್ಜಿಗೆ ಹೋಗ್ರಿ. ಕೋಣಿ, ಬೈಕು, ಎಲ್ಲಾ ನೋಡ್ರಿ. ಸಾಕ್ಷಿಗೆ ಪಂಚರನ್ನ ಕರ್ಕೊಂಡು ಹೋಗ್ರಿ."

ಮತ್ತೆ ಒಳಗೆ ಬಂದು ಕುಳಿತಳು. ಹಮೀದಾಬೇಗಂಳಿಗೆ ಸುಮ್ಮನಿರಲು ಸನ್ನೆ ಮಾಡಿದಳು.

ಸರಿಯಾಗಿ ಒಂದು ಗಂಟೆಗೆ ಮಸೂದ ಬಂದ.

* * *

"ಸಲಾಂ ಮೇಡಂ," ಎಂದು ಮೂಲೆಗೆ ಹೋದ. ಫರಹತ ಎದ್ದು ಹೋಗಿ ಅವನೆದುರು ಕುಳಿತಳು.

"ಇಲ್ಲಿ ಕುಂತ್ರ ನಡೀತದೇನು?"

"ಬರ್ರಿ, ಬರ್ರಿ."

ಹಮೀದಾಬೇಗಂ ಎಡಗೈಯಲ್ಲಿ ತಟ್ಟೆ ತಂದಿಟ್ಟಳು. ಪಲ್ಯ ಚೆಲ್ಲಿತು. ಮಸೂದ ಅವಳ ಬಲಗೈ ನೋಡಿದ.

"ಖಾಲಾ, ಏನಿದು? ಯಾವಾಗ ಆತು?"

ಅವಳು ಒಳಗೆ ಹೋದಳು.

"ಬುಧವಾರದ ಪುಂಡಿ ಪಲ್ಯ ಇದಕ್ಕಿಂತ ಚಲೋ ಇತ್ತು ಅಲ್ಲ?" ಎಂದಳು ಫರಹತ.

"ಹೌದ್ರಿ. ರೊಟ್ಟಿನೂ ಬಿಸಿ ಇದ್ವು."

"ಖಾಲಾನೇ ನೀಡಿದ್ರು?"

"ಅವರೇ ರಿ. ಮತ್ಯಾರು ನೀಡ್ತಾರ?"

"ಬುಧವಾರ ಹನ್ನೊಂದಕ್ಕ ಅವರ ಕೈ ಸುಟ್ಟಿತ್ತು, ಮಸೂದ. ಅವತ್ತು ಇಲ್ಲಿ ಒಂದು ರೊಟ್ಟಿನೂ ಆಗಿಲ್ಲ."

ತುತ್ತು ಹಿಡಿದ ಕೈ ತಟ್ಟೆಗೆ ಇಳಿಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ದಿನಾ ಅದನ್ನೇ ಉಣ್ತೇನಿ ಮೇಡಂ. ಯಾವ ದಿನ ಏನಂತ ಮರ್ತಿರ್ತದ."

"ನಾನೂ ಮರ್ತಿದ್ದೆ. ಆದ್ರ ಅವತ್ತು ಇಲ್ಲಿ ಗದ್ದಲ ಆಗಿತ್ತು. ಇಲ್ಲಿದ್ದವರಿಗೆ ಅದು ನೆನಪೈತಿ. ನಿನಗ ಖಾಲಾನ ಕೈ ಸುಟ್ಟಿದ್ದೇ ಈಗ ಗೊತ್ತಾತು."

ಮಸೂದ ಬಾಗಿಲ ಕಡೆ ನೋಡಿದ. ಹೊರಗೆ ಇಬ್ಬರು ಪೇದೆಗಳು ನಿಂತಿದ್ದರು. ಫರಹತಳ ಫೋನ್ ರಿಂಗಣಿಸಿತು. ಕೇಳಿಸಿಕೊಂಡು ಕೆಳಗಿಟ್ಟಳು.

"ಹಾಸಿಗಿ ಕೆಳಗ ಮಣ್ಣೂರಿನ ಕಾಗದ ಸಿಕ್ಕಾದ. ಬೈಕಿನ ಡಿಕ್ಕ್ಯಾಗ ಕಬ್ಬಿಣದ ತುಂಡು, ಅಂಗಿಯೊಳಗ ಸುತ್ತಿದ್ದು."

ಮಸೂದ ತಲೆ ತಗ್ಗಿಸಿದ.

"ಶರಫುದ್ದೀನರು ಕಾಗದ ವಾಪಸ್ ತಗೋ ಅಂದ ವಾರದಿಂದನೇ ನೀ ಇಲ್ಲಿ ಉಣ್ಣಾಕ ಶುರು ಮಾಡಿದಿ. ಒಂದೇ ಟೈಮು, ಒಂದೇ ಜಾಗ, ಒಂದೇ ಊಟ. ಒಂದು ದಿನ ನೀ ಬರದಿದ್ರೂ ಮಂದಿ ಬಂದಿದ್ದ ಅಂತನೇ ಹೇಳಬೇಕು. ಊರಾಗ ಇಷ್ಟು ಖಾನಾವಳಿ ಇದ್ದು ಇಲ್ಲಿಗೇ ಯಾಕ ಬಂದಿ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದ. "ನೀವು ಇಲ್ಲಿ ಉಣ್ತೀರಿ ಅಂತ."

ಅವನನ್ನು ಕರೆದೊಯ್ಯುವಾಗ ಹಮೀದಾಬೇಗಂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾ ಇವನಿಗಂತ ಪಲ್ಯ ಬ್ಯಾರೇ ತಗದಿಡ್ತಿದ್ದೆ ಬೇಟಿ," ಎಂದಳು. ತಟ್ಟೆ ಎತ್ತಲು ಅವಳಿಗೆ ಮನಸ್ಸಾಗಲಿಲ್ಲ.

* * *

ಜಮೀರನನ್ನು ಬಿಟ್ಟದ್ದು ಶನಿವಾರ ಮುಂಜಾನೆ. ಅಂದು ಶರಫುದ್ದೀನರ ಜಿಯಾರತ್, ಮೂರನೆಯ ದಿನದ ಪ್ರಾರ್ಥನೆ. ಫರಹತ ಅವನನ್ನು ಜೀಪಿನಲ್ಲಿ ಕಬರಸ್ತಾನದ ತನಕ ಕರೆತಂದಳು.

ಗೇಟಿನ ಮುಂದೆ ಇಳಿದ ಮೇಲೆ ಅವಳೇ ಹೇಳಿದಳು. "ತಪ್ಪು ನಂದು, ಜಮೀರ. ನೋಡದೇ ನೋಡೇನಿ ಅಂದೆ. ಕೋರ್ಟಿಗೂ ನನ್ನ ತಪ್ಪಂತನೇ ಬರದು ಕೊಟ್ಟೇನಿ."

ಜಮೀರ ಜೇಬಿನಿಂದ ಟೋಪಿ ತೆಗೆದು ಹಾಕಿಕೊಂಡ.

"ನೀವು ಬೇಕಂತ ಸುಳ್ಳು ಹೇಳಲಿಲ್ಲ. ಅದು ಗೊತ್ತೈತ್ರಿ," ಎಂದ. "ಆದ್ರ ಮಣ್ಣು ಕೊಡೋದು ಒಮ್ಮೆ ಮಾತ್ರ ರಿ ಮೇಡಂ."

ಒಳಗೆ ಹೋದ. ಹೊಸ ಗೋರಿಯ ಸುತ್ತ ನಿಂತ ಜನ ಸರಿದು ಅವನಿಗೆ ಜಾಗ ಬಿಟ್ಟರು. ದುವಾ ಮುಗಿಯುವವರೆಗೂ ಫರಹತ ಬಿಸಿಲಲ್ಲಿ ಗೇಟಿನ ಹೊರಗೆ ನಿಂತೇ ಇದ್ದಳು.