ನಲವತ್ತು ಸೆಕೆಂಡಿನ ನಿಲುಗಡೆ

"ನನಗೆ ಪವರ್ ಬೇಕು. ಇವತ್ತೇ!"

ಗ್ಯಾರೇಜಿನ ಬಾಗಿಲಲ್ಲಿ ನಿಂತವನ ರಬ್ಬರ್ ಬೂಟಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಬೂಟು ಹೊರಗೆ. ಪವರ್ ಆಮೇಲೆ."

ಅವನು ತುಟಿ ಬಿಗಿದು ಬೂಟು ಕಳಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿ ಅವಳಿಗೆ ನಗು ಬಂತು. ಮುಖ ನೋಡಿದ ಮೇಲೆ ನಿಂತುಹೋಯಿತು. ಎರಡು ದಿನ ನಿದ್ದೆಗೆಟ್ಟ ಮುಖ.

ಅವನು ದನದ ಡಾಕ್ಟರ್. ಹಳೆಯ ಡೀಸೆಲ್ ಪಿಕಪ್, ಹಿಂದೆ ಟ್ರೇಲರ್. ಗುಡ್ಡದ ಮೇಲಿನ ಹಟ್ಟಿಗೆ ಹೋಗುವ ಏರಿನಲ್ಲಿ ಗಾಡಿ ತೆವಳುತ್ತದೆ. ನಿನ್ನೆ ತಲುಪುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಹಸು ಉಳಿಯಿತು. ಕರು ಉಳಿಯಲಿಲ್ಲ.

"ಎರಡು ದಾರಿ ಇದೆ," ಅವಳ ದನಿ ತುಸು ಮೆತ್ತಗಾಗಿತ್ತು. "ಒಂದು, ಟ್ಯೂನಿಂಗ್ ಡಬ್ಬಿ. ಇಂಧನದ ಒತ್ತಡ ಅಳೆಯೋ ಸೆನ್ಸರಿನ ವೈರಿಗೆ ಸಿಕ್ಕಿಸೋದು. ಇರೋದಕ್ಕಿಂತ ಕಡಿಮೆ ಒತ್ತಡ ಇದೆ ಅಂತ ಅದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳುತ್ತೆ. ನಂಬಿದ ಕಂಪ್ಯೂಟರ್ ಒತ್ತಡ ಏರಿಸುತ್ತೆ. ಬೇಡ ಅಂದಾಗ ಹತ್ತು ನಿಮಿಷದಲ್ಲಿ ಕಿತ್ತುಬಿಡಬಹುದು."

"ಇನ್ನೊಂದು?"

"ರೀಮ್ಯಾಪ್. ಕಂಪ್ಯೂಟರಿನ ಒಳಗಿನ ಲೆಕ್ಕವನ್ನೇ ಹೊಸದಾಗಿ ಬರೆಯೋದು. ಎಷ್ಟು ವೇಗಕ್ಕೆ ಎಷ್ಟು ಡೀಸೆಲ್, ಎಷ್ಟು ಗಾಳಿ, ಎಲ್ಲಿ ಸಾಕು. ಸುಳ್ಳಿಲ್ಲ. ಆದ್ರೆ ಗಾಡಿಯನ್ನೂ ಓಡಿಸೋರನ್ನೂ ತಿಳ್ಕೊಂಡೇ ಬರೀಬೇಕು."

"ಸರಿ, ತಿಳ್ಕೊಳ್ಳಿ!"

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅವಳು ಪಕ್ಕದ ಸೀಟಿನಲ್ಲಿ ಕೂತಳು. ಅವನ ಮನೆಯವರೆಗೆ ಹೋಗಿ ಬಂದರು. ಒಂದು ದಿಕ್ಕಿಗೆ ನಾಲ್ಕು ಪಾಯಿಂಟ್ ಆರು ಕಿಲೋಮೀಟರ್. ಬಂದ ಮೇಲೆ ಪರದೆಯನ್ನು ಅವನ ಕಡೆ ತಿರುಗಿಸಿದಳು.

"ಇದು ನಿಮ್ಮ ಬಲಗಾಲು. ಸೊನ್ನೆ, ನೂರು. ಸೊನ್ನೆ, ನೂರು. ಇದು ಕಾಲಲ್ಲ ಡಾಕ್ಟ್ರೇ, ಲೈಟಿನ ಸ್ವಿಚ್ಚು! ಇದಕ್ಕೆ ಇನ್ನಷ್ಟು ಪವರ್ ಕೊಟ್ರೆ ತಿಂಗಳೊಳಗೆ ಕ್ಲಚ್ ಸುಟ್ಟುಹೋಗುತ್ತೆ. ಆಮೇಲೆ ಏರಲ್ಲಿ ಇಪ್ಪತ್ತು ನಿಮಿಷ ಅಲ್ಲ, ಇಡೀ ದಿನ ನಿಲ್ತೀರಿ."

ಹೆಬ್ಬೆರಳಿನಷ್ಟಿದ್ದ ಒಂದು ಸಾಧನವನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿದಳು. ಎಂಜಿನ್ ಓಡುವಷ್ಟು ಹೊತ್ತು ಪೆಡಲ್, ವೇಗ, ದೂರ, ಗಂಟೆ ಎಲ್ಲವನ್ನೂ ಅದು ಬರೆದಿಡುತ್ತದೆ.

"ಶನಿವಾರ ಶನಿವಾರ ತನ್ನಿ. ಬೇರೆ ದಿನ ಬರಬೇಡಿ, ನನಗೆ ಕೆಲಸ ಇರುತ್ತೆ. ಕಾಲು ಕಲಿತ ದಿನ ರೀಮ್ಯಾಪ್."

ಏಳು ಶನಿವಾರ ಬಂದ. ಕಾಲು ಕಲಿಯಲಿಲ್ಲ. ಆದರೆ ಅವಳು ಅವನನ್ನು ಕಲಿತಳು.

ಎಲ್ಲೇ ನಿಂತು ಹೊರಟರೂ ಕ್ಲಚ್ ಬಿಡುವ ಮುಂಚೆ ಅವನ ಬಲಗಾಲು ಎರಡು ಸಲ ಪುಟ್ಟದಾಗಿ ಒತ್ತುತ್ತದೆ. ಟಕ್‌ಟಕ್. ಗ್ರಾಫಿನಲ್ಲಿ ಎರಡು ಮುಳ್ಳು. ಆ ಮುಳ್ಳು ಕಂಡಾಗಲೆಲ್ಲ ಅವಳ ತುಟಿಯಂಚಿನಲ್ಲಿ ಏನೋ ಅರಳುತ್ತಿತ್ತು.

"ಗ್ರಾಫಮ್ಮಾ," ಗೇರ್‌ಬಾಕ್ಸಿನ ಕೆಳಗಿಂದ ಚಿಕ್ಕಪ್ಪ ಕೂಗುತ್ತಿದ್ದರು, "ಶನಿವಾರ ಮಾತ್ರ ನಿನ್ನ ಉಗುರಲ್ಲಿ ಗ್ರೀಸ್ ಇರಲ್ವಲ್ಲ, ಏನು ಸಮಾಚಾರ?"

"ಸುಮ್ನೆ ನಟ್ಟು ಬಿಗೀರಿ ಚಿಕ್ಕಪ್ಪ!"

ಎಂಟನೆಯ ವಾರದ ಗುರುವಾರ, ಮಧ್ಯಾಹ್ನ.

ಎದುರಿನ ಬಿಡಿಭಾಗಗಳ ಅಂಗಡಿಯ ಮುಂದೆ ಅವನ ಪಿಕಪ್ ನಿಂತಿತ್ತು! 'ಹತ್ತೇ ನಿಮಿಷ, ಹೊಸ ಶಕ್ತಿ' ಎಂಬ ಬೋರ್ಡಿನ ಅಂಗಡಿ. ಟ್ಯೂನಿಂಗ್ ಡಬ್ಬಿ ಮಾರುವವಳು ಕೌಂಟರಿನ ಮೇಲೆ ಮೊಣಕೈ ಊರಿ ನಗುತ್ತಿದ್ದಳು. ಅವನೂ ನಗುತ್ತಿದ್ದ... ಅವನ ಎರಡೂ ಕೈಯಲ್ಲಿ ಡಬ್ಬಿಯ ರಟ್ಟಿನ ಪೆಟ್ಟಿಗೆ. ಎದೆಗೆ ಒತ್ತಿ ಹಿಡಿದಿದ್ದ, ಒಡೆದೀತೆಂಬ ಹಾಗೆ!

'ನನ್ನ ಮುಂದೆ ಏಳು ವಾರದಲ್ಲಿ ಹೀಗೆ ಒಂದು ಸಲವಾದರೂ ನಕ್ಕಿದ್ದಾನಾ?'

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಎರಡು ಸಲ ಜಾರಿತು.

'ಅವಳ ಕೂದಲಿಗೆ ಎಣ್ಣೆ ಮೆತ್ತಿಕೊಳ್ಳೋದೇ ಇಲ್ವಾ? ಬಿಡಿಭಾಗ ಮಾರೋಳಿಗೆ ಅಷ್ಟು ಬಿಳಿ ಅಂಗಿ ಯಾಕೆ? ನನಗೇನು... ಅವನು ಯಾರ ಅಂಗಡಿಗೆ ಹೋದ್ರೆ ನನಗೇನು!'



ಶನಿವಾರ ಅವನು ಸಾಧನ ಕೊಟ್ಟು, ಚಿಕ್ಕಪ್ಪನ ಜೊತೆ ಹೊರಗೆ ಚಹಾ ಕುಡಿಯಲು ನಿಂತ. ಅವಳು ಗ್ರಾಫ್ ತೆರೆದಳು.

ಸೊನ್ನೆಯಿಂದ ನೂರಕ್ಕೆ ನೆಟ್ಟಗೆ ಏಳುತ್ತಿದ್ದ ಗೋಡೆಯಂಥ ಗೆರೆಗಳೇ ಇರಲಿಲ್ಲ! ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಗೆರೆ. ಒಂದೇ ವಾರದಲ್ಲಿ? ಸಾಧ್ಯವೇ ಇಲ್ಲ. ಇದು ಅವನ ಕಾಲೇ ಅಲ್ಲ!

ಇನ್ನೂ ಒಂದಿತ್ತು. ಈ ವಾರ ಪ್ರತಿದಿನ ಮನೆಯಿಂದ ಸರಿಯಾಗಿ ನಾಲ್ಕು ಪಾಯಿಂಟ್ ಆರು ಕಿಲೋಮೀಟರಿಗೆ ಗಾಡಿ ನಿಂತಿದೆ. ಎಂಜಿನ್ ಓಡುತ್ತಲೇ ಇದೆ. ನಲವತ್ತು ಸೆಕೆಂಡು. ಆಮೇಲೆ ಹೊರಟಿದೆ.

ನಾಲ್ಕು ಪಾಯಿಂಟ್ ಆರು... ಈ ಬೀದಿ. ಎದುರಿನ ಅಂಗಡಿ!

'ಅವಳನ್ನು ಹತ್ತಿಸಿಕೊಳ್ತಾನೆ. ಅವಳೇ ಸ್ಟೀರಿಂಗ್ ಹಿಡೀತಾಳೆ. ಇಬ್ಬರು ಸೀಟು ಬದಲಾಯಿಸೋಕೆ ನಲವತ್ತು ಸೆಕೆಂಡು ಧಾರಾಳ ಸಾಕು...'

ಎಂದೂ ಒಂದಂಕಿ ಬಿಡದೆ ಓದುವವಳು ಅಂದು ಮುಂದಿನ ಕಾಲಮ್ ತೆರೆಯಲೇ ಇಲ್ಲ.

"ಹೇಗಿದೆ ಕಾಲು?" ಅವನು ಹುಡುಗನ ಹಾಗೆ ಉತ್ಸಾಹದಿಂದ ಒಳಗೆ ಬಂದ.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನೀವು ಡಬ್ಬಿನೇ ಹಾಕಿಸ್ಕೊಳ್ಳಿ."

"ಏನು?"

"ಹತ್ತು ನಿಮಿಷದ ಕೆಲಸ. ಸಾಕು ಅನ್ಸಿದಾಗ ಕಿತ್ತು ಬಿಸಾಕಬಹುದು, ಗುರುತೂ ಉಳಿಯಲ್ಲ. ನಿಮ್ಮಂಥೋರಿಗೆ ಅದೇ ಸರಿ."

"ನಮ್ಮಂಥೋರು ಅಂದ್ರೆ?"

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದಳು.

"ಡಬ್ಬಿ ಸುಳ್ಳು ಹೇಳುತ್ತೆ ಅಂದೋರು ನೀವೇ ಅಲ್ವಾ?"

"ಕೆಲವರಿಗೆ ಸುಳ್ಳೇ ಒಗ್ಗುತ್ತೆ."

ಅವನ ಮುಖದಲ್ಲಿದ್ದ ಬೆಳಕು ಆರಿತು. "ಸರಿ. ಸೋಮವಾರ ಹಾಕಿಸ್ಕೋತೀನಿ. ನನ್ನ ಹಸುಗಳು ಕಾಯಲ್ಲ." ಬಾಗಿಲಲ್ಲಿ ಒಂದು ಕ್ಷಣ ನಿಂತ. "ಎಂಟು ವಾರ, ಮೇಡಂ... ಎಂಟು ವಾರ ನಾನು ಬರೀ ಪವರ್‌ಗೋಸ್ಕರ ಬಂದೆ ಅಂದ್ಕೊಂಡ್ರಾ?"

ಪಿಕಪ್ ಹೊರಟ ಸದ್ದು ಕೇಳಿಸಿತು. ಟಕ್‌ಟಕ್...

ಸೋಮವಾರ ಒಂಬತ್ತೂವರೆಗೆ ಅವಳು ಅವನ ಕಡತ ಮುಚ್ಚಲು ಕೂತಳು. ಪ್ರತಿ ಓಟದ ದಿನ, ಗಂಟೆ ಬರೆಯದೆ ಕಡತ ಮುಚ್ಚುವಂತಿಲ್ಲ. ಅದು ಅವಳದೇ ನಿಯಮ. ಬಿಟ್ಟಿದ್ದ ಕಾಲಮ್ ತೆರೆದಳು.

ನಿಲುಗಡೆ: ಬೆಳಿಗ್ಗೆ ಆರೂವರೆ. ಆರು ಮೂವತ್ತೆರಡು. ಆರು ಇಪ್ಪತ್ತೊಂಬತ್ತು. ಆರೂವರೆ...

ಎದುರಿನ ಅಂಗಡಿಯ ಶಟರ್ ಏಳುವುದು ಹತ್ತಕ್ಕೆ! ಆ ಕರ್ಕಶ ಸದ್ದಿಗೆ ಅವಳು ದಿನಾ ಗೊಣಗುತ್ತಾಳೆ. ಆರೂವರೆಗೆ ಈ ಬೀದಿಯಲ್ಲಿ ಉರಿಯುವುದು ಒಂದೇ ದೀಪ. ಚಿಕ್ಕಪ್ಪನೂ ಬರುವ ಮುಂಚೆ, ಹೆಡ್‌ಫೋನಿನ ಹಾಡಿನಲ್ಲಿ ಮುಳುಗಿ ಮ್ಯಾಪ್ ಬರೆಯಲು ಅವಳೇ ಹಚ್ಚುವ ದೀಪ.

ಗ್ರಾಫನ್ನು ಹಿಗ್ಗಿಸಿದಳು. ಮೆತ್ತನೆಯ ಗೆರೆಯ ಬುಡದಲ್ಲಿ, ಪ್ರತಿ ಸಲ ಹೊರಟಲ್ಲೂ, ಎರಡು ಪುಟ್ಟ ಮುಳ್ಳು.

ಅವನೇ. ಬೇರೆ ಯಾರೂ ಅಲ್ಲ... ಅವನೇ!

ಹೊರಗೆ ಶಟರ್ ಕಿರುಗುಟ್ಟಿತು.

ಅವಳು ರಸ್ತೆ ದಾಟಿದ್ದು ಹೇಗೋ ಅವಳಿಗೇ ತಿಳಿಯಲಿಲ್ಲ. ಪಿಕಪ್ಪಿನ ಬಾನೆಟ್ ತೆರೆದಿತ್ತು. ಬಿಳಿ ಅಂಗಿಯವಳ ಕೈಯಲ್ಲಿ ಡಬ್ಬಿ ಸಿದ್ಧವಾಗಿತ್ತು.

"ನಿಲ್ಸಿ! ಹಾಕ್ಬೇಡಿ!"

"ಅಬ್ಬಾ, ಎದುರುಮನೆ ಮೌನಗೌರಿ ಮಾತಾಡಿದ್ರು!" ಅಂಗಡಿಯವಳು ಹುಬ್ಬೇರಿಸಿದಳು. "ಎರಡು ವರ್ಷದಲ್ಲಿ ಮೊದಲ ಮಾತೇ ನನ್ನ ವ್ಯಾಪಾರ ಕೆಡ್ಸೋಕಾ?"

"ಗುರುವಾರ... ಇವರು ಪೆಟ್ಟಿಗೆ ತಗೊಂಡು..."

"ಆ ಪೆಟ್ಟಿಗೇನಾ?" ಅಂಗಡಿಯವಳು ಕೌಂಟರಿನ ಕೆಳಗಿಂದ ಅದನ್ನೇ ಎತ್ತಿ ತೋರಿಸಿದಳು. ಒಳಗೆ ಕಣ್ಣು ಬಿಡದ ಬೆಕ್ಕಿನ ಮರಿ ಸುರುಳಿಯಾಗಿ ಮಲಗಿತ್ತು. "ತಾಯಿ ಹಾಲು ಕೊಡ್ತಿರಲಿಲ್ಲ, ನೋಡೋಕೆ ಕರೆಸಿದ್ದೆ. ಅರ್ಧ ಗಂಟೆ ಮರಿ ನೋಡಿದ್ರು, ಒಂದು ಗಂಟೆ ನಿಮ್ಮ ಗ್ರಾಫಿನ ಪುರಾಣ ಹೇಳಿದ್ರು. ನನಗಂತೂ ನಿಮ್ಮ ಮೇಲೆ ಹೊಟ್ಟೆಕಿಚ್ಚೇ ಬಂತು ಕಣ್ರೀ!"

ಡಬ್ಬಿಯನ್ನು ಅವಳ ಕೈಗೇ ತುರುಕಿ ಅಂಗಡಿಯವಳು ಒಳಗೆ ಹೋದಳು.

ಅವನು ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದ. ಕಣ್ಣಲ್ಲಿ ಇನ್ನೂ ಶನಿವಾರದ ನೋವು.

"ಆ ಕಾಲು ಬೇರೆ ಯಾರದೋ ಅಂದ್ಕೊಂಡೆ," ಅವಳ ದನಿ ಒಡೆಯಿತು. "ಅವರದು ಅಂತ. ಉರಿದುಹೋದೆ... ಹೇಳೋಕೂ ಬರಲಿಲ್ಲ, ನುಂಗೋಕೂ ಆಗಲಿಲ್ಲ. ತಪ್ಪಾಯ್ತು. ಒಂದೇ ವಾರದಲ್ಲಿ ಹೇಗೆ ಕಲಿತ್ರಿ?"

ಅವನು ಪಿಕಪ್ಪಿನ ಹಿಂಬದಿ ತೋರಿಸಿದ. ಅಲ್ಲಿ ರಬ್ಬರ್ ಬೂಟುಗಳು. ಅವನ ಕಾಲಲ್ಲಿ ತೆಳುವಾದ ಕ್ಯಾನ್ವಾಸ್ ಶೂ.

"ಮೊದಲ ದಿನವೇ ಹೇಳಿದ್ರಲ್ಲ, ಬೂಟು ಹೊರಗೆ ಅಂತ. ಆ ದಪ್ಪ ಅಟ್ಟೆಯಲ್ಲಿ ಪೆಡಲ್ ಎಲ್ಲಿದೆ ಅಂತಾನೇ ಗೊತ್ತಾಗ್ತಿರಲಿಲ್ಲ. ತಿಳಿಯೋಕೆ ಎಂಟು ವಾರ ಬೇಕಾಯ್ತು... ದಡ್ಡ."

"ಮತ್ತೆ ಆ ನಲವತ್ತು ಸೆಕೆಂಡು?"

ಅವನ ಕಿವಿ ಕೆಂಪಾಯಿತು. "ಶನಿವಾರ ಬಿಟ್ಟು ಬರಬೇಡಿ ಅಂದಿದ್ರಿ. ಕಿಟಕಿ ನೋಡಬೇಡಿ ಅಂದಿರಲಿಲ್ಲ."

ಅವಳು ಅಳುತ್ತಲೇ ನಕ್ಕಳು.

ಮಧ್ಯಾಹ್ನದೊಳಗೆ ರೀಮ್ಯಾಪ್ ಮುಗಿಯಿತು. ಎಂಟು ವಾರದ ಗೆರೆಗಳನ್ನು ಇಟ್ಟುಕೊಂಡು ಅವಳು ಬರೆದಳು: ಕೆಳವೇಗದಲ್ಲೇ ಸಿಗುವ ಎಳೆತ, ಮೇಲೆ ಸಂಯಮ, ಹಳೆಯ ಕ್ಲಚ್ಚಿಗೆ ನೋವಾಗದ ಮಿತಿ. ಹಳೆಯ ಲೆಕ್ಕದ ಪ್ರತಿಯನ್ನೂ ಜೋಪಾನವಾಗಿ ಉಳಿಸಿದಳು. ಆಮೇಲೆ ಖಾಲಿ ಟ್ರೇಲರ್ ಕಟ್ಟಿಕೊಂಡು ಗುಡ್ಡದ ಏರಿಗೆ ಹೋದರು. ಯಾವಾಗಲೂ ಎರಡನೇ ಗೇರಿಗೆ ಇಳಿಯುತ್ತಿದ್ದ ತಿರುವನ್ನು ಪಿಕಪ್ ಮೂರರಲ್ಲೇ ದಾಟಿತು. ಹಟ್ಟಿಯ ಬೇಲಿ ಕಂಡಾಗ ಅವನು ಕಣ್ಣೊರೆಸಿಕೊಂಡ.

"ನಾಳೆ ಬೆಳಿಗ್ಗೆ ಆರೂವರೆಗೆ ನಿಲ್ತೀರಲ್ವಾ?" ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು.

"ನಿಲ್ಲಬಹುದಾ?"

"ನಿಲ್ಲಿ. ಆದ್ರೆ ಎಂಜಿನ್ ಆಫ್ ಮಾಡಿ, ಒಳಗೆ ಬನ್ನಿ."

"ಆಫ್ ಮಾಡಿದ್ರೆ ನಿಮ್ಮ ಆ ಸಾಧನ ಏನೂ ಬರೆಯಲ್ಲ ಅಲ್ವಾ?"

"ಬರೀಬಾರದು," ಅವಳು ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಉಗುರಿನ ಕೆಳಗೆ ಗ್ರೀಸ್ ಇತ್ತು. "ಎಷ್ಟು ಹೊತ್ತು ಇದ್ರಿ ಅಂತ ನನಗೂ ಗೊತ್ತಾಗಬಾರದು."