ಸೈಲಸ್ ಕೊಂಡ ಮಸಿಬಟ್ಟೆ

ಹೋದ ವರ್ಷ ನಾನು ಹೊಲಿದ ಮಸಿಬಟ್ಟೆ ಈ ಕ್ರಿಸ್ಮಸ್ ಸಂತೆಯ ಮೇಜಿನ ಮೇಲೆ ಮತ್ತೆ ಮಾರಾಟಕ್ಕೆ ಬಿದ್ದಿತ್ತು. ಮೂಲೆಯಲ್ಲಿ ನಾನೇ ಕಸೂತಿ ಹಾಕಿದ ಮುರಿದ ಸಂಕೋಲೆ. ಆಗ ಅದನ್ನು ಕೊಂಡವನು ಸೈಲಸ್, ಬಂದರಿನಲ್ಲಿ ತಿಮಿಂಗಿಲದ ಎಣ್ಣೆಯ ಪೀಪಾಯಿ ಉರುಳಿಸುವವನು. ನನಗೆ ಮೈಯೆಲ್ಲ ಉರಿದುಹೋಯಿತು.

ನ್ಯೂ ಬೆಡ್‌ಫರ್ಡ್‌ನ ನಾವು ಕರಿಯ ಹೆಂಗಸರು ವರ್ಷವಿಡೀ ಸೂಜಿದಿಂಬು, ಚೀಲ, ಮಸಿಬಟ್ಟೆ ಹೊಲಿದು ಈ ಸಂತೆಯಲ್ಲಿ ಮಾರುತ್ತಿದ್ದೆವು. ಬಂದದ್ದೆಲ್ಲ ಗುಲಾಮಗಿರಿ ತೊಲಗಿಸುವ ಸಂಘಕ್ಕೆ. ಸೈಲಸ್ ವರ್ಜೀನಿಯಾದ ಒಡೆಯನಿಂದ ತಪ್ಪಿಸಿಕೊಂಡು ಬಂದವನು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅವನು ಬಂದು ನಿಂತ. ಟೊಪ್ಪಿ ಕೈಯಲ್ಲಿ, ಕಣ್ಣು ನನ್ನ ಬೆರಳುಗಳ ಮೇಲೆ.

"ಅಷ್ಟು ಬೇಡವಾಗಿದ್ರೆ ಕೊಂಡಿದ್ದಾದ್ರೂ ಯಾಕೆ?" ಎಂದೆ.

"ನಂಗೆ ಒಲೆನೂ ಇಲ್ಲ, ಕೆಟಲೂ ಇಲ್ಲ, ಡಾರ್ಕಸ್. ವಾಪಸ್ ಕೊಟ್ರೆ ಇನ್ನೊಂದ್ಸಲ ಮಾರಬಹುದಲ್ವಾ?"

"ಹಾಗಾದ್ರೆ ಕೊಳ್ಳಲೇಬಾರದಿತ್ತು ನೀವು."

"ಏನೂ ಕೊಳ್ಳದೆ ಎಷ್ಟೊತ್ತು ನಿಮ್ಮೆದುರು ನಿಂತಿರೋದು? ಜನ ಏನಂದ್ಕೋತಾರೆ?"

ನನಗೆ ನಗು ಬಂತು. ಅವನು ನಗಲಿಲ್ಲ. ಹೊಸ ಕಾನೂನು ಬಂದ ಮೇಲೆ ಓಡಿಬಂದವರನ್ನು ನಮ್ಮೂರಿಗೇ ಬಂದು ಹಿಡಿದೊಯ್ಯಬಹುದಿತ್ತು. ಅವನ ಒಡೆಯನ ಜನ ಬೆಳಿಗ್ಗೆ ಬಂದಿಳಿದಿದ್ದರಂತೆ. ಆ ಕಾನೂನು ನಡೆಯದ ಕೆನಡಾದ ಕಡೆ ಸಂಜೆಯ ಹಡಗಿಗೆ ಹೊರಟಿದ್ದೇನೆ ಎಂದ. ಹಾಳು ಹಣೆಬರಹ, ಅವನು ಮನಸ್ಸಿನ ಮಾತು ಆಡಿದ್ದು ಹೊರಟು ನಿಂತ ಮೇಲೆ.

ಮಸಿಬಟ್ಟೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಒಲೆ ಹಚ್ಚಿ ಇದನ್ನ ಬಳಸಿದ ಮೇಲೆ ನಮ್ಮ ಸಂತೆಗೆ ವಾಪಸ್ ಕಳಿಸು. ಕೆಟಲ್ ನಾನು ತರ್ತೀನಿ."

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ತಿಳಿಯಿತು.

"ವಿಪರೀತ ಚಳಿಯಂತೆ ಅಲ್ಲಿ. ಬರ್ತೀಯಾ?"

"ನೀನು ಮೊದ್ಲು ಒಲೆ ಹಚ್ಚು."

ಮುಂದಿನ ಕ್ರಿಸ್ಮಸ್‌ಗೆ ಏನೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನೊಂದು ಕೆಟಲ್ ಕೊಂಡು ಗೋಡೆಗೆ ತೂಗುಹಾಕಿದ್ದೆ. ಅದರ ಧೂಳು ಒರೆಸುವಾಗೆಲ್ಲ ಅಮ್ಮ, ಬಂದ ಸಂಬಂಧ ಒಪ್ಪಿಕೋ, ಕಾದು ಕಾದು ತಲೆ ನರೆತೀತು ಎನ್ನುತ್ತಿದ್ದಳು. ನಾನು ಒರೆಸುತ್ತಲೇ ಇರುತ್ತಿದ್ದೆ. ಹಡಗು ಮುಳುಗಿತೋ, ದಾರಿಯಲ್ಲೇ ಹಿಡಿದರೋ ಎಂದು ದಿನವೂ ಒಳಗೊಳಗೇ ಸಾಯುತ್ತಿದ್ದೆ.

ಮೂರನೆಯ ವರ್ಷ, ಕೆನಡಾ ಸೇರಿದ ನಮ್ಮವರು ಸಂತೆಗೆಂದು ಒಂದು ಪೆಟ್ಟಿಗೆ ಕಳಿಸಿದರು. ಉಣ್ಣೆಯ ಕಾಲುಚೀಲಗಳ ಅಡಿಯಲ್ಲಿ ನನ್ನ ಮಸಿಬಟ್ಟೆ ಮಗುಚಿ ಬಿದ್ದಿತ್ತು. ತಿರುಗಿಸಲು ಕೈ ಬರಲಿಲ್ಲ. ಕೊಟ್ಟಂತೆಯೇ ಹೊಸದಾಗಿದ್ದರೆ, ಸತ್ತವನ ಗಂಟಿನಲ್ಲಿ ಸಿಕ್ಕಿದ್ದನ್ನು ಯಾರೋ ಕಳಿಸಿದ್ದಾರೆಂದೇ ಅರ್ಥ.

ತಿರುಗಿಸಿದೆ. ಒಂದು ಅಂಚು ಕಪ್ಪಗೆ ಸುಟ್ಟಿತ್ತು. ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಸುಟ್ಟಿದೆಯಲ್ಲೇ, ಇದನ್ನ್ಯಾರು ಕೊಳ್ತಾರೆ?" ಎಂದಳು ಅಮ್ಮ.

"ನಾನು," ಎಂದೆ.

ಅಮ್ಮನಿಗೆ ತಿಳಿಯಿತು. ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. ನಾನು ಸಂಘದ ಡಬ್ಬಿಗೆ ಅದರ ಬೆಲೆ ಹಾಕಿದೆ. ಮನೆಗೆ ಬಂದು ಗೋಡೆಯ ಮೇಲಿನ ಕೆಟಲ್ ಇಳಿಸಿದೆ.